ನಾಟಕದ ರಂಗಪರಿಕರ: ಪಟ್ಟಿಯಿಂದ ಪೆಟ್ಟಿಗೆಯವರೆಗೆ

ನಟರಿಗೆ ಪ್ರವೇಶ, ನಿರ್ಗಮನ ಇರುವಂತೆ ರಂಗದ ಮೇಲೆ ಬರುವ ಪ್ರತಿಯೊಂದು ಸಾಮಾನಿಗೂ ಇರುತ್ತದೆ. ಒಂದು ಪತ್ರ ಯಾರ ಕೈಯಲ್ಲಿ ಬರುತ್ತದೆ, ಎಲ್ಲಿ ಇಳಿಯುತ್ತದೆ, ಯಾರ ಕೈಯಲ್ಲಿ ಹೊರಗೆ ಹೋಗುತ್ತದೆ? ಈ ಮೂರನ್ನೂ ಬರೆದಿಟ್ಟುಕೊಂಡ ತಂಡಕ್ಕೆ ಪರಿಕರಗಳು ಅಷ್ಟು ಸುಲಭವಾಗಿ ಕೈಕೊಡುವುದಿಲ್ಲ. ಬರುವ ದಾರಿಯನ್ನು ಎಲ್ಲರೂ ಯೋಚಿಸಿರುತ್ತಾರೆ, ಮರೆಯುವುದು ಹೋಗುವ ದಾರಿಯನ್ನು. ಹಾಗಾಗಿಯೇ ಎರಡನೇ ದೃಶ್ಯದ ಕಾಫಿ ಲೋಟ ಮೂರನೇ ದೃಶ್ಯದ ಸ್ಮಶಾನದಲ್ಲಿ ಕೂತಿರುತ್ತದೆ.

ಆರರಿಂದ ಎಂಟು ವಾರ ತಾಲೀಮು ನಡೆಸಿ, ಒಂದೂವರೆ ಎರಡು ಗಂಟೆಯ ನಾಟಕ ಆಡುವ ಹವ್ಯಾಸಿ ತಂಡವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿ ಬರೆದಿದೆ. ಪರಿಕರಕ್ಕೆಂದೇ ಒಬ್ಬರು ಬೇಕು, ಅವರು ನಟಿಸಬಾರದು. ‘ಎಲ್ಲರೂ ಅವರವರ ಪ್ರಾಪರ್ಟಿ (ಪರಿಕರ) ನೋಡಿಕೊಳ್ಳಲಿ’ ಎಂದು ಬಿಟ್ಟ ತಂಡದಲ್ಲಿ ಕೊನೆಗೆ ಯಾರೂ ಏನನ್ನೂ ನೋಡಿಕೊಂಡಿರುವುದಿಲ್ಲ.

ಯಾವುದು ಪರಿಕರ, ಯಾವುದು ಅಲ್ಲ

ನಟರು ಕೈಯಲ್ಲಿ ಹಿಡಿಯುವ, ಎತ್ತುವ, ತೆರೆಯುವ, ತಿನ್ನುವ ವಸ್ತು ಪರಿಕರ. ಗೋಡೆ, ಮೆಟ್ಟಿಲು, ಬಾಗಿಲು ರಂಗಸಜ್ಜಿಕೆ. ಮೈಮೇಲೆ ಇರುವುದು ವೇಷಭೂಷಣ. ಇಷ್ಟು ಸರಳ ಎಂದುಕೊಂಡರೆ ಗಡಿಯಲ್ಲಿ ಜಗಳ ಶುರುವಾಗುತ್ತದೆ. ಕತ್ತಿ ಪರಿಕರದವರದ್ದು, ಅದನ್ನು ಸಿಕ್ಕಿಸುವ ಸೊಂಟಪಟ್ಟಿ ವೇಷದವರದ್ದು. ಕತ್ತಿಯ ಅಗಲ ಗೊತ್ತಿಲ್ಲದೆ ಪಟ್ಟಿ ಹೊಲಿದರೆ ಎರಡೂ ಕೆಲಸಕ್ಕೆ ಬಾರವು. ಲಾಟೀನು ಪರಿಕರ, ಅದರೊಳಗಿನ ಬಲ್ಬು ಬೆಳಕಿನವರದ್ದು. ಕುರ್ಚಿ ಸಜ್ಜಿಕೆಯ ಭಾಗವಾಗಿ ಬಂದರೂ, ದೃಶ್ಯದ ನಡುವೆ ಯಾರಾದರೂ ಅದನ್ನು ಎಳೆದಾಡುವುದಾದರೆ ಪರಿಕರದ ಪಟ್ಟಿಗೂ ಸೇರಬೇಕು. ಮೊದಲ ವಾರದಲ್ಲೇ ನಿರ್ದೇಶಕರು, ಸಜ್ಜಿಕೆ, ವೇಷ, ಬೆಳಕಿನವರು ಒಟ್ಟಿಗೆ ಕೂತು ಇಂಥ ಹತ್ತು ಹದಿನೈದು ಗಡಿ ಸಾಮಾನುಗಳಿಗೆ ಒಬ್ಬೊಬ್ಬ ಒಡೆಯರನ್ನು ಗೊತ್ತುಮಾಡಬೇಕು.

ಹಂತ 1: ನಾಟಕವನ್ನು ಮೂರು ಸಲ ಓದಿ

ಮೊದಲ ಓದಿನಲ್ಲಿ ಏನನ್ನೂ ಬರೆಯಬೇಡಿ. ಎರಡನೇ ಓದಿನಲ್ಲಿ ರಂಗಸೂಚನೆಯಲ್ಲಿ ಹೆಸರಿಸಿದ ವಸ್ತುಗಳಿಗೆ ಗೆರೆ ಎಳೆಯಿರಿ. ಮೂರನೆಯದು ಮುಖ್ಯ. ಮಾತಿನೊಳಗೆ ಅಡಗಿರುವ ವಸ್ತುಗಳನ್ನು ಆಗ ಹಿಡಿಯಬೇಕು. ‘ಇನ್ನೊಂದು ತುತ್ತು ಹಾಕ್ಕೋ’ ಎಂದರೆ ತಟ್ಟೆ, ಅನ್ನ, ಸೌಟು, ಕೈ ತೊಳೆಯಲು ನೀರು, ಕೈ ಒರೆಸಲು ಬಟ್ಟೆ, ಇಷ್ಟೂ ಬೇಕು. ರಂಗಸೂಚನೆಯಲ್ಲಿ ‘ಊಟ ಮಾಡುತ್ತಿದ್ದಾನೆ’ ಎಂದಷ್ಟೇ ಇರುತ್ತದೆ.

ಗಿರೀಶ ಕಾರ್ನಾಡರ ‘ತುಘಲಕ್’ ಈ ಅಭ್ಯಾಸಕ್ಕೆ ಒಳ್ಳೆಯ ಕೃತಿ. ಸುಲ್ತಾನ ಆಡುವ ಚದುರಂಗದ ಮಣೆ ಸಣ್ಣದಾದರೆ ಹಿಂದಿನ ಸಾಲಿಗೆ ಅದು ಊಟದ ಮಣೆಯಂತೆ ಕಾಣುತ್ತದೆ. ಕಾಯಿಗಳು ಅಂಗಡಿಯ ಅಳತೆಗಿಂತ ಕನಿಷ್ಠ ಒಂದೂವರೆ ಪಟ್ಟು ಎತ್ತರವಿರಬೇಕು. ಮಣೆಯನ್ನು ಎತ್ತಿಕೊಂಡು ಹೋಗುವುದಿದ್ದರೆ ಆಟದಲ್ಲಿ ಸರಿಸದ ಕಾಯಿಗಳನ್ನು ಅಂಟಿಸಿಬಿಡಬೇಕು. ಪ್ರಾರ್ಥನೆಯ ವೇಳೆ ನಡೆಯುವ ಕೊಲೆಯತ್ನದಲ್ಲಿ ಬಟ್ಟೆಯೊಳಗಿಂದ ಆಯುಧ ಹೊರಬರಬೇಕು. ಮೊಳಕಾಲೂರಿ ಬಾಗಿದಾಗ ಚುಚ್ಚದ, ಎಳೆದಾಗ ಸಿಕ್ಕಿಕೊಳ್ಳದ ಒರೆಯನ್ನು ವೇಷದವರು ಹೊಲಿದುಕೊಡಬೇಕು. ಇನ್ನು ಖೋಟಾ ನಾಣ್ಯಗಳು. ಸಾವಿರಾರು ಲೋಹದ ಬಿಲ್ಲೆಗಳನ್ನು ಹೊತ್ತು ತರುವ ತಂಡವಿಲ್ಲ, ತಂದರೂ ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಹುಲ್ಲು ತುಂಬಿದ ಗೋಣಿಚೀಲದ ಮೇಲೆ ರಟ್ಟಿನ ಬಿಲ್ಲೆ ಅಂಟಿಸಿದ ಬಟ್ಟೆ ಹೊದಿಸಿ ರಾಶಿ ಮಾಡಿ. ನಟರು ಕೈಹಾಕುವ ಜಾಗದಲ್ಲಿ ಮಾತ್ರ ಹಾರ್ಡ್‌ವೇರ್ ಅಂಗಡಿಯ ವಾಷರ್‌ಗಳಿಗೆ ತಾಮ್ರದ ಬಣ್ಣ ಹೊಡೆದು ನೂರಿನ್ನೂರು ಸುರಿದರೆ ಸದ್ದೂ ಬಂತು, ತೂಕವೂ ಉಳಿಯಿತು.

ಹಂತ 2: ಪಟ್ಟಿ ಬರೆಯುವುದು

ಅಂಗಡಿ ಚೀಟಿಯಂತೆ ‘ತಂಬಿಗೆ, ಕೋಲು, ಪತ್ರ’ ಎಂದು ಬರೆದದ್ದು ಪಟ್ಟಿಯಲ್ಲ. ಪ್ರತಿ ಸಾಮಾನಿಗೂ ಒಂದು ಸಾಲು, ಪ್ರತಿ ಸಾಲಿನಲ್ಲೂ ಈ ವಿವರ ಇರಲಿ:

- ಕ್ರಮಸಂಖ್ಯೆ, ದೃಶ್ಯ, ಪುಟ
- ವಸ್ತು ಮತ್ತು ಅದರ ಸ್ಥಿತಿ (ತಂಬಿಗೆ ಖಾಲಿಯೋ ಅರ್ಧ ನೀರೋ, ಪತ್ರ ಮಡಿಚಿದೆಯೋ ಬಿಡಿಸಿದೆಯೋ)
- ದೃಶ್ಯ ಶುರುವಾಗುವಾಗ ಎಲ್ಲಿರುತ್ತದೆ
- ಯಾರು, ಯಾವ ಮಾತಿಗೆ, ಯಾವ ಕಡೆಯಿಂದ ತರುತ್ತಾರೆ
- ಯಾರು, ಯಾವ ಕಡೆಗೆ ಒಯ್ಯುತ್ತಾರೆ
- ಮುಂದೆ ಅದೇ ವಸ್ತು ಯಾವ ದೃಶ್ಯಕ್ಕೆ, ಯಾವ ಕಡೆ ಬೇಕು

ಎಡ, ಬಲ ಎಂದರೆ ಪ್ರೇಕ್ಷಕರತ್ತ ಮುಖ ಮಾಡಿ ನಿಂತ ನಟರ ಎಡ, ಬಲ. ಇದನ್ನು ಪಟ್ಟಿಯ ತಲೆಯಲ್ಲೇ ಬರೆದುಬಿಡಿ.

ಕೊನೆಯ ಎರಡು ಅಂಶಗಳಲ್ಲೇ ಎಲ್ಲ ಇರುವುದು. ಊರುಗೋಲು ಎರಡನೇ ದೃಶ್ಯದಲ್ಲಿ ಎಡಕ್ಕೆ ಹೋಗಿ, ನಾಲ್ಕನೇ ದೃಶ್ಯದಲ್ಲಿ ಬಲದಿಂದ ಬರಬೇಕು ಎಂದಿಟ್ಟುಕೊಳ್ಳಿ. ನಡುವೆ ಯಾರಾದರೂ ಅದನ್ನು ಹಿಂಪರದೆಯ ಹಿಂದಿನಿಂದ ದಾಟಿಸಬೇಕು, ಇಲ್ಲವೇ ಎರಡು ಕೋಲು ಬೇಕು. ಹಿಂದಿನಿಂದ ದಾಟಲು ಜಾಗವೇ ಇಲ್ಲದ ಸಭಾಂಗಣಗಳು ಊರೂರಿನಲ್ಲಿವೆ. ಹಾಗಾಗಿ ಅಗ್ಗದ ವಸ್ತುವಾದರೆ ಎರಡು ಇಟ್ಟುಕೊಳ್ಳುವುದೇ ಕ್ಷೇಮ. ಆದರೆ ಗಂಟು, ಬಣ್ಣ, ಉದ್ದ ಎಲ್ಲ ಒಂದೇ ಥರ ಇರಬೇಕು.

ನಿರ್ದೇಶಕರು ಚಲನೆ ಬದಲಿಸಿದಾಗಲೆಲ್ಲ ಪಟ್ಟಿಯೂ ಬದಲಾಗಬೇಕು. ಪ್ರತಿ ತಿದ್ದುಪಡಿಗೂ ತಾರೀಖು ಹಾಕಿ, ಹಳೆಯ ಪ್ರತಿಯನ್ನು ಹರಿದು ಹಾಕಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಮೂರು ಬೇರೆ ಬೇರೆ ಪಟ್ಟಿ ತೇಲಾಡುತ್ತಿದ್ದರೆ ಪ್ರಯೋಗದ ದಿನ ಎಲ್ಲರ ಬಳಿಯೂ ಹಳೆಯದೇ ಇರುತ್ತದೆ.

ಹಂತ 3: ತಾಲೀಮಿಗೆ ಬದಲಿ ಸಾಮಾನು

ಚಲನೆ ಕೂರಿಸುವ, ಅಂದರೆ ಯಾರು ಯಾವಾಗ ಎಲ್ಲಿಗೆ ನಡೆಯಬೇಕೆಂದು ಗೊತ್ತುಮಾಡುವ, ಮೊದಲ ದಿನದಿಂದಲೇ ನಟರ ಕೈಯಲ್ಲಿ ಏನಾದರೂ ಇರಬೇಕು. ನೋಟ ಹೊಂದದಿದ್ದರೆ ತೊಂದರೆಯಿಲ್ಲ, ಅಳತೆ ಮತ್ತು ತೂಕ ಹತ್ತಿರವಿರಲಿ. ಖಾಲಿ ಕೈಯಲ್ಲಿ ಕೊಡ ಹೊತ್ತಂತೆ ನಟಿಸಿ ಅಭ್ಯಾಸವಾದವರಿಗೆ ಕೊನೆಯ ವಾರ ನಿಜವಾದ ಕೊಡ ಕೊಟ್ಟರೆ ನಡಿಗೆಯೇ ಬದಲಾಗುತ್ತದೆ, ಮಾತಿನ ಲಯ ತಪ್ಪುತ್ತದೆ. ಇನ್ನೊಂದು ತೊಡಕೂ ಇದೆ: ಒಂದು ಕೈಯಲ್ಲಿ ಲಾಟೀನು, ಇನ್ನೊಂದರಲ್ಲಿ ಕೊಡೆ ಹಿಡಿದವರು ಬಾಗಿಲು ತೆಗೆಯುವುದು ಹೇಗೆ ಎಂಬ ಪ್ರಶ್ನೆ ವಸ್ತು ಕೈಗೆ ಬರುವವರೆಗೆ ಯಾರಿಗೂ ಹೊಳೆಯುವುದಿಲ್ಲ. ಪುಸ್ತಕ ಬಿಟ್ಟು ಆಡತೊಡಗುವ ಹೊತ್ತಿಗೆ, ಅಂದರೆ ಪ್ರಯೋಗಕ್ಕೆ ಎರಡು ವಾರ ಮೊದಲು, ನಿಜವಾದ ಪರಿಕರಗಳು ಬಂದಿರಬೇಕು. ಕತ್ತಿ, ಕೋವಿ, ಬೆಂಕಿ, ಒಡೆಯುವ ಸಾಮಾನುಗಳಿಗೆ ಇನ್ನೂ ಒಂದು ವಾರ ಮುಂಚೆ.

ಹಂತ 4: ಎಲ್ಲಿಂದ ತರುವುದು

ನಾಲ್ಕು ದಾರಿಗಳಿವೆ: ಎರವಲು, ಬಾಡಿಗೆ, ಖರೀದಿ, ತಯಾರಿ. ಹಳೆಯ ಮನೆಗಳ ಅಟ್ಟದಲ್ಲಿ ಹಿತ್ತಾಳೆ ಚೆಂಬು, ಬೀಸುವ ಕಲ್ಲು, ಟ್ರಂಕು ಸಿಗುತ್ತವೆ. ಆದರೆ ಮನೆತನದ ವಸ್ತುವನ್ನು ರಂಗಕ್ಕೆ ತರಬೇಡಿ. ಕಳೆದರೆ ಹಣ ಕೊಟ್ಟು ಮುಗಿಸುವ ವಿಷಯವಲ್ಲ. ಎರವಲು ತಂದ ದಿನವೇ ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಇರುವ ತಗ್ಗು, ಬಿರುಕುಗಳನ್ನು ಮಾಲೀಕರ ಎದುರೇ ಬರೆದುಕೊಳ್ಳಿ. ಬೆಂಗಳೂರಿನಲ್ಲಾದರೆ ಗುಜರಿ ಸಾಮಾನಿಗೆ ಸಂಡೆ ಬಜಾರ್, ಹಳೆಯ ಪುಸ್ತಕ, ಲೆಕ್ಕದ ಖಾತೆಗಳಿಗೆ ಅವೆನ್ಯೂ ರಸ್ತೆ. ಬೇರೆ ಊರುಗಳಲ್ಲಿ ಸಂತೆ, ಪಾತ್ರೆ ಅಂಗಡಿಯ ಹಳೆ ಸರಕು, ಶಾಮಿಯಾನದವರು. ಕಿರೀಟ, ಗದೆ, ಬಿಲ್ಲು ಪೌರಾಣಿಕ ನಾಟಕದ ಡ್ರೆಸ್ ಬಾಡಿಗೆ ಕೊಡುವವರಲ್ಲಿ ಸಿಗುತ್ತವೆ. ಜಾತ್ರೆಯ ತಿಂಗಳುಗಳಲ್ಲಿ ಎಲ್ಲವೂ ಹಳ್ಳಿಗಳಿಗೆ ಹೋಗಿರುತ್ತದಾದ್ದರಿಂದ ಮೊದಲೇ ಮುಂಗಡ ಕೊಟ್ಟಿರಬೇಕು.

ಜೀವಂತ ಪ್ರಾಣಿ ಬೇಡ. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬರುತ್ತಿದ್ದವು, ಆ ಕಾಲ, ಆ ಕಂಪನಿಯ ಬಲ ಬೇರೆ. ಇವತ್ತು ಒಂದು ಕೋಳಿ ತಂದರೂ ಆ ದೃಶ್ಯ ಪೂರ್ತಿ ಪ್ರೇಕ್ಷಕರು ಕೋಳಿಯನ್ನೇ ನೋಡುತ್ತಾರೆ.

ಹಂತ 5: ಮಾಡಿಕೊಳ್ಳುವುದು

ಮಡಕೆ, ಮುಖವಾಡ, ವಿಗ್ರಹ, ಹಣ್ಣುಗಳಿಗೆ ಇವತ್ತಿಗೂ ಹಳೆಯ ಪೇಪರು ಮತ್ತು ಮೈದಾ ಅಂಟೇ ಎಲ್ಲಕ್ಕಿಂತ ಒಳ್ಳೆಯದು. ಒಂದು ಲೋಟ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ನಾಲ್ಕು ಲೋಟ ಕುದಿಯುವ ನೀರಿಗೆ ಹೊಯ್ದು, ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ತಿರುವಿ. ಹುಳ ಹಿಡಿಯದಿರಲು ಕಾಲು ಚಮಚ ಮೈಲುತುತ್ತ ಹಾಕುವುದು ರೂಢಿ. ಅದು ವಿಷ, ಆದ್ದರಿಂದ ಕೈಗವಸು ಇರಲಿ, ಆ ಪಾತ್ರೆ ಅಡುಗೆಮನೆಗೆ ವಾಪಸು ಹೋಗಬಾರದು. ಬಾಯಿಗೆ ತಾಗುವ ಮುಖವಾಡಕ್ಕಾಗಲಿ, ತಿನ್ನುವ ಪದಾರ್ಥ ಇಡುವ ಪಾತ್ರೆಗಾಗಲಿ ಅದನ್ನು ಹಾಕಲೇಬೇಡಿ.

ಅಚ್ಚಿಗೆ ನಿಜವಾದ ಮಡಕೆಯ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ, ಪೇಪರನ್ನು ಕತ್ತರಿಸದೆ ಕೈಯಲ್ಲೇ ಒಂದೂವರೆ ಇಂಚಿನ ಪಟ್ಟಿಗಳಾಗಿ ಹರಿಯಿರಿ. ಹರಿದ ಅಂಚು ಒಂದರೊಳಗೊಂದು ಕೂರುತ್ತದೆ, ಕತ್ತರಿಸಿದ ಅಂಚು ಗೆರೆಯಾಗಿ ಉಳಿಯುತ್ತದೆ. ಒಂದು ಪದರಕ್ಕೆ ಕನ್ನಡ ಪೇಪರು, ಮುಂದಿನದಕ್ಕೆ ಇಂಗ್ಲಿಷ್ ಪೇಪರು ಬಳಸಿದರೆ ಎಲ್ಲಿ ಹಚ್ಚಿದ್ದೇವೆ, ಎಲ್ಲಿ ಬಿಟ್ಟಿದ್ದೇವೆ ಎಂಬುದು ಕಣ್ಣಿಗೇ ಕಾಣುತ್ತದೆ. ಆರು ಪದರ ಸಾಕು. ಎರಡೆರಡು ಪದರಕ್ಕೊಮ್ಮೆ ಪೂರ್ತಿ ಒಣಗಿಸಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದಕ್ಕೆ ದಿನಗಟ್ಟಲೆ ಬೇಕು. ಅವಸರಪಟ್ಟು ಹಸಿಯ ಮೇಲೆ ಬಣ್ಣ ಬಳಿದರೆ ಒಳಗೆ ಬೂಷ್ಟು ಬಂದು ವಾಸನೆ ಹೊಡೆಯುತ್ತದೆ, ಬಣ್ಣ ಚಕ್ಕೆ ಏಳುತ್ತದೆ. ಕೊನೆಯಲ್ಲಿ ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿದ ತೆಳು ಮಲ್ ಬಟ್ಟೆಯ ಒಂದು ಪದರ ಕೊಟ್ಟರೆ ಹತ್ತಾರು ಪ್ರಯೋಗಕ್ಕೆ ಬಾಳುತ್ತದೆ.

ಬಣ್ಣದಲ್ಲಿ ಹೊಳಪು ಬೇಡ. ಎನಾಮೆಲ್ ಬಳಿದ ಪರಿಕರ ದೀಪದ ಕೆಳಗೆ ಕಣ್ಣು ಕುಕ್ಕುತ್ತದೆ. ಎಮಲ್ಷನ್‌ಗೆ (ಗೋಡೆಗೆ ಬಳಿಯುವ ನೀರಿನ ಬಣ್ಣ) ಬೇಕಾದ ಬಣ್ಣದ ಸ್ಟೇನರ್ ಬೆರೆಸಿ ಬಳಸಿ. ಬಂಗಾರದ ಕಿರೀಟವನ್ನು ಬರೀ ಬಂಗಾರದ ಬಣ್ಣದಲ್ಲಿ ಮುಳುಗಿಸಿದರೆ ದೂರಕ್ಕೆ ಹಳದಿ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಮೇಲೆ ತೆಳು ಕಂದು ಬಣ್ಣ ಬಳಿದು, ಒಣಗುವ ಮೊದಲೇ ಬಟ್ಟೆಯಿಂದ ಒರೆಸಿ. ಸಂದುಗಳಲ್ಲಿ ಕಂದು ಉಳಿದು, ಉಬ್ಬುಗಳಲ್ಲಿ ಬಂಗಾರ ಮಿನುಗುತ್ತದೆ. ಬಿಳಿ ಕಾಗದಕ್ಕೂ ಇದೇ ಮಾತು: ಅರ್ಧ ಲೀಟರ್ ನೀರಿಗೆ ಮೂರು ಚಮಚ ಟೀ ಪುಡಿ ಕುದಿಸಿ ಸೋಸಿ, ಕಾಗದವನ್ನು ಅದ್ದಿ ನೆರಳಲ್ಲಿ ಒಣಗಿಸಿ. ಪತ್ರದಲ್ಲಿ ಓದಬೇಕಾದ ಸಾಲುಗಳನ್ನು ನಿಜವಾಗಿಯೇ ಬರೆದಿಡಿ. ಹರಿಯುವ ಪತ್ರವಾದರೆ ಪ್ರಯೋಗ, ತಾಲೀಮು ಎರಡಕ್ಕೂ ಲೆಕ್ಕ ಹಾಕಿ, ಮೇಲೆ ಎರಡು ಹೆಚ್ಚಿಗೆ.

ದೊಡ್ಡ ರಂಗಕ್ಕೆ ಮಾಡಿದ ವಸ್ತು ಚಿಕ್ಕದಕ್ಕೆ ಒಗ್ಗದು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಂಥ ದೊಡ್ಡ ಸಭಾಂಗಣದ ಕೊನೆಯ ಸಾಲಿಗೆ ಥರ್ಮಕೋಲ್ ಕಲ್ಲು ಕಲ್ಲಾಗಿಯೇ ಕಾಣಬಹುದು. ಅದೇ ಊರಿನ, ಪ್ರೇಕ್ಷಕರು ಮೂರು ಕಡೆ ಕೂರುವ ಚಿಕ್ಕ ರಂಗಮಂದಿರ ರಂಗಶಂಕರದಲ್ಲಿ ಮೊದಲ ಸಾಲಿನವರಿಗೆ ಅದರ ಕಾಳುಗಳೂ ಕಾಣುತ್ತವೆ, ಹಿಂಬದಿಗೆ ಬಣ್ಣ ಬಳಿಯದಿದ್ದರೆ ಅದೂ ಕಾಣುತ್ತದೆ.

ಕತ್ತಿಗಳಲ್ಲಿ ಎರಡು ಬಗೆ. ಒರೆಯಲ್ಲೇ ಇರುವ, ಬರೀ ಎತ್ತಿ ತೋರುವ ಕತ್ತಿಗೆ 6 ಮಿ.ಮೀ. ಪ್ಲೈವುಡ್ ಸಾಕು. ಕತ್ತಿಗೆ ಕತ್ತಿ ತಾಗುವ ಕಾಳಗಕ್ಕೆ ಪ್ಲೈವುಡ್ ಕೂಡದು, ಸಿಗುರು ಹಾರಿ ಕಣ್ಣಿಗೆ ಬೀಳುತ್ತದೆ. ಅಲ್ಯೂಮಿನಿಯಂ ಪಟ್ಟಿ ತಂದು, ಅಂಚುಗಳನ್ನು ಅರದಿಂದ ದುಂಡಗೆ ಉಜ್ಜಿ, ತುದಿಯನ್ನು ರೂಪಾಯಿ ನಾಣ್ಯದ ಬಳಸಿನಷ್ಟು ಗುಂಡಗೆ ಮಾಡಿ. ಪಟ್ಟಿ ಹಿಡಿಯೊಳಗೆ ಕೊನೆಯವರೆಗೂ ಹೋಗಿ ಎರಡು ರಿವಿಟ್‌ಗಳಲ್ಲಿ ಕೂತಿರಬೇಕು; ಹಿಡಿಗೆ ಬರೀ ಅಂಟು ಹಾಕಿದ ಕತ್ತಿಯ ಅಲಗು ಬೀಸಿದಾಗ ಪ್ರೇಕ್ಷಕರ ಕಡೆಗೇ ಹಾರುತ್ತದೆ. ಅಲ್ಯೂಮಿನಿಯಂ ಮೆದು ಲೋಹ. ಪ್ರತಿ ಕಾಳಗದ ನಂತರ ಅಂಚಿನಲ್ಲಿ ಕಚ್ಚುಗಳೇಳುತ್ತವೆ, ಅವು ಬ್ಲೇಡಿನಂತೆ ಕೊಯ್ಯುತ್ತವೆ. ಪ್ರಯೋಗ ಮುಗಿದ ರಾತ್ರಿಯೇ ಅರ ಹಿಡಿದು ಉಜ್ಜಿಡಿ.

ಕೋವಿಯ ವಿಷಯದಲ್ಲಿ ಚರ್ಚೆಯಿಲ್ಲ. ಕೊಡಗಿನ ಮನೆಗಳಲ್ಲಿ ಕೋವಿ ಸುಲಭವಾಗಿ ಸಿಗಬಹುದು. ಗುಂಡು ತುಂಬಿಲ್ಲದಿದ್ದರೂ ನಿಜವಾದದ್ದು ರಂಗಕ್ಕೆ ಬರಕೂಡದು. ಮರದ್ದು ಮಾಡಿಸಿ, ಸದ್ದನ್ನು ಧ್ವನಿಯವರಿಂದ ಪಡೆಯಿರಿ. ಧ್ವನಿಯವರು ನಟರ ಮಾತಿಗಲ್ಲ, ಕೈಗೆ ಕಾಯಬೇಕು: ತೋಳು ನೆಟ್ಟಗಾದ ಕ್ಷಣಕ್ಕೆ ಸದ್ದು. ನೋಡಲು ಅಡ್ಡವಿರುವ ಕಡೆ ಅವರನ್ನು ಕೂರಿಸಿದರೆ ಈ ಹೊಂದಿಕೆ ಎಂದೂ ಬಾರದು.

ಹಂತ 6: ತಿನ್ನುವುದು, ಕುಡಿಯುವುದು, ಒಡೆಯುವುದು, ಉರಿಯುವುದು

ತಿಂದು ಮಾತಾಡಬೇಕಾದರೆ ಮೆತ್ತಗಿನದು ಬೇಕು: ಬಾಳೆಹಣ್ಣು, ಮೊಸರನ್ನ, ನೀರಾಗಿ ಕೆದಕಿದ ಉಪ್ಪಿಟ್ಟು. ಚಕ್ಕುಲಿ, ಹುರಿಗಡಲೆ, ರವೆ ಉಂಡೆ ಬೇಡ. ಪುಡಿ ಗಂಟಲಿಗೆ ಹೋದರೆ ಒಂದು ಪುಟ ಮಾತು ಹೋಯಿತು. ಕಡಲೆಕಾಯಿಯಂಥವು ಯಾರಿಗಾದರೂ ಆಗದೇ ಎಂದು ಮೊದಲೇ ಕೇಳಿ. ಹೆಂಡಕ್ಕೆ ನೀರು ಮಜ್ಜಿಗೆ, ವಿಸ್ಕಿಗೆ ನೀರು ಬೆರೆಸಿದ ಟೀ ಡಿಕಾಕ್ಷನ್, ದ್ರಾಕ್ಷಾರಸಕ್ಕೆ ಪುನರ್ಪುಳಿ ಶರಬತ್ತು. ಹಾಡುವ ಪಾತ್ರಕ್ಕೆ ಹಾಲು ಕೊಡಬೇಡಿ, ಕಫ ಕಟ್ಟುತ್ತದೆಂದು ಗಾಯಕರು ಒಪ್ಪುವುದಿಲ್ಲ. ಲೋಟ ಅರ್ಧದಷ್ಟೇ ತುಂಬಿರಲಿ, ಆದರೆ ಖಾಲಿ ಇರಬಾರದು. ಖಾಲಿ ಲೋಟದಿಂದ ಕುಡಿಯುವವರ ಮಣಿಕಟ್ಟು ಸುಳ್ಳು ಹೇಳುವುದು ಕೊನೆಯ ಸಾಲಿಗೂ ಗೊತ್ತಾಗುತ್ತದೆ. ಪ್ರಯಾಣದ ಸೂಟ್‌ಕೇಸಿನಲ್ಲಿ ಮೂರು ನಾಲ್ಕು ಕಿಲೋ ಹಳೆ ಪೇಪರು ತುಂಬುವುದೂ ಇದಕ್ಕೇ.

ರಕ್ತಕ್ಕೆ ಒಂದು ಲೋಟ ಸಕ್ಕರೆ, ಅರ್ಧ ಲೋಟ ನೀರಿನ ಪಾಕ, ಅಡುಗೆಯ ಕೆಂಪು ಬಣ್ಣ, ಚಿಟಿಕೆ ಕಾಫಿ ಪುಡಿ. ತೆಳು ಪಾಲಿಥೀನ್ ಚೀಲದಲ್ಲಿ ಹತ್ತು ಮಿ.ಲೀ. ಕಟ್ಟಿದರೆ ಒಂದು ಇರಿತಕ್ಕೆ ಧಾರಾಳ. ವೇಷದ ಬಟ್ಟೆಯ ತುಂಡಿನ ಮೇಲೆ ಹಚ್ಚಿ ತೊಳೆದು ನೋಡಿ. ಬೆಳಕಿನವರೊಂದಿಗೂ ಮಾತಾಡಿ: ನೀಲಿ ಬೆಳಕಲ್ಲಿ ಈ ಕೆಂಪು ಕಪ್ಪಾಗುತ್ತದೆ, ಕೆಂಪು ಬೆಳಕಲ್ಲಿ ಕಾಣುವುದೇ ಇಲ್ಲ. ಪಾಕ ನೆಲಕ್ಕೆ ಬಿದ್ದರೆ ಜಾರುತ್ತದೆ. ವೇಷವನ್ನು ರಾತ್ರಿಯೇ ತೊಳೆಯದಿದ್ದರೆ ಬೆಳಗ್ಗೆ ಗ್ರೀನ್‌ರೂಮಿನಲ್ಲಿ ಇರುವೆಗಳ ಜಾತ್ರೆ.

ಒಡೆಯುವ ಮಡಕೆಗೆ ಕುಂಬಾರರಲ್ಲಿ ತೆಳುವಾದ್ದನ್ನು ಆರಿಸಿ, ಒಳಗಡೆ ಅರದಿಂದ ನಾಲ್ಕೈದು ಗೀರು ಹಾಕಿ. ಗೀರಿಲ್ಲದ ಮಡಕೆ ಒಮ್ಮೊಮ್ಮೆ ಒಡೆಯುವುದೇ ಇಲ್ಲ, ಉರುಳಿಕೊಂಡು ಪ್ರೇಕ್ಷಕರತ್ತ ಹೋಗುತ್ತದೆ. ನಮ್ಮ ರಂಗದಲ್ಲಿ ನಟರು ಬರಿಗಾಲಲ್ಲಿರುವುದೇ ಹೆಚ್ಚು, ಹಾಗಾಗಿ ಚೂರುಗಳ ನಿರ್ಗಮನವೂ ಪಟ್ಟಿಯಲ್ಲಿರಬೇಕು. ಮಡಕೆ ಬೀಳುವ ಜಾಗದಲ್ಲಿ ದೃಶ್ಯದ ಭಾಗವಾಗಿಯೇ ಜಮಖಾನ ಹಾಸಿ, ಕತ್ತಲಾದ ಕೂಡಲೇ ನಾಲ್ಕು ಮೂಲೆ ಹಿಡಿದು ಎತ್ತಿಕೊಂಡು ಹೋಗಿ. ಗಾಜು ಬೇಡ. ಗಾಜಿನ ಬಳೆ ಒಡೆಯುವ ದೃಶ್ಯಕ್ಕೂ ಸದ್ದು ಮಾತ್ರ ಗಾಜಿನದ್ದಿರಲಿ.

ಬೆಂಕಿಗೆ ಮೊದಲು ಸಭಾಂಗಣದ ಒಪ್ಪಿಗೆ. ಸಿಗದಿದ್ದರೆ ಲಾಟೀನಿನೊಳಗೆ ಬ್ಯಾಟರಿಯ ಹಳದಿ ಎಲ್‌ಇಡಿ, ಮುಂದೆ ಬೆಣ್ಣೆ ಕಾಗದ. ಸಿಕ್ಕರೆ ಹಣತೆಯಲ್ಲಿ ಕಾಲು ಭಾಗ ಹರಳೆಣ್ಣೆ ಮಾತ್ರ. ಸೀಮೆಎಣ್ಣೆ ಚೆಲ್ಲಿದರೆ ಹರಡಿ ಹೊತ್ತಿಕೊಳ್ಳುತ್ತದೆ. ವಿಂಗ್ಸ್‌ನಲ್ಲಿ (ರಂಗದ ಎರಡೂ ಪಕ್ಕದ ಮರೆಯ ಜಾಗ) ಮರಳಿನ ಬಕೆಟ್, ಒದ್ದೆ ಗೋಣಿ, ಆ ದೀಪದ ಮೇಲೆ ಮಾತ್ರ ಕಣ್ಣಿಟ್ಟ ಒಬ್ಬ ವ್ಯಕ್ತಿ ಇರಬೇಕು. ನೈಲಾನ್ ಸೆರಗಿನವರು ಅದರ ಹತ್ತಿರ ಸುಳಿಯದಂತೆ ಚಲನೆ ಕೂರಿಸಿ. ಕಡ್ಡಿಪೆಟ್ಟಿಗೆ ಎರಡಿರಲಿ, ಎರಡನ್ನೂ ಅಂದೇ ಗೀರಿ ನೋಡಿ. ಬೀಡಿ, ಸಿಗರೇಟು ಹೊತ್ತಿಸಬೇಡಿ. ಸಾರ್ವಜನಿಕ ಸ್ಥಳದ ಧೂಮಪಾನವನ್ನು 2003ರ ಕಾಯ್ದೆ ನಿಷೇಧಿಸಿದೆ. ತುಟಿಗಿಟ್ಟು ಕಡ್ಡಿಗಾಗಿ ತಡಕಾಡುವ ನಟನೆಯೇ ಎಷ್ಟೋ ಸಲ ಹೊಗೆಗಿಂತ ಚೆನ್ನಾಗಿರುತ್ತದೆ.

ಹಂತ 7: ಪರಿಕರದ ಮೇಜು

ಎರಡೂ ವಿಂಗ್ಸ್‌ನಲ್ಲಿ ಒಂದೊಂದು ಮೇಜು, ಸುಮಾರು ಆರು ಅಡಿ ಉದ್ದ. ಮೇಲೆ ಬಿಳಿ ಕಾಗದ ಅಂಟಿಸಿ, ಮಾರ್ಕರಿನಲ್ಲಿ ಚೌಕ ಹಾಕಿ, ಪ್ರತಿ ಚೌಕದಲ್ಲೂ ವಸ್ತುವಿನ ಹೆಸರು, ದೃಶ್ಯ, ಪಾತ್ರ ಬರೆಯಿರಿ. ಖಾಲಿ ಚೌಕ ಕಂಡ ತಕ್ಷಣ ಏನಿಲ್ಲ ಎಂಬುದು ಗೊತ್ತಾಗಬೇಕು. ಊರೂರು ತಿರುಗುವ ತಂಡವಾದರೆ ಕಾಗದದ ಬದಲು ಬಟ್ಟೆಯ ಮೇಲೆ ಚೌಕ ಬರೆದಿಟ್ಟುಕೊಳ್ಳಿ. ಮೇಜು ಸಿಗದ ಊರಲ್ಲಿ ನೆಲಕ್ಕೆ ಹಾಸಿದರೂ ನಡೆಯುತ್ತದೆ. ಬೆಳಕಿಗೆ ನೀಲಿ ಜಿಲೆಟಿನ್ (ದೀಪಕ್ಕೆ ಬಣ್ಣ ಕೊಡುವ ಪಾರದರ್ಶಕ ಹಾಳೆ) ಸುತ್ತಿದ ಸಣ್ಣ ಬಲ್ಬು ಸಾಕು.

ಕಾನೂನು ಎರಡೇ. ನಿಮ್ಮದಲ್ಲದ್ದನ್ನು ಮುಟ್ಟಬೇಡಿ. ಒಳಗೆ ಬಂದ ಕೂಡಲೇ ಚೌಕಕ್ಕೆ ವಾಪಸು ಇಡಿ. ಕನ್ನಡಕ, ಉಂಗುರ, ತಾಳಿ ಗ್ರೀನ್‌ರೂಮಿನಲ್ಲಿ ನಟರ ಬಳಿಯೇ ಇರಲಿ, ಆದರೆ ಪಟ್ಟಿಯಲ್ಲಿ ಸೇರಿರಲಿ. ಹೆಚ್ಚಾಗಿ ಕಳೆಯುವುದು ಜೇಬಿನಲ್ಲುಳಿದ ಪತ್ರ ಮತ್ತು ಬೀಗದ ಕೈ, ಏಕೆಂದರೆ ಅವು ನಟರ ಜೊತೆ ಮನೆಗೇ ಹೋಗಿಬಿಡುತ್ತವೆ.

ಹಂತ 8: ಕತ್ತಲಲ್ಲಿ ಬದಲಾವಣೆ, ಪ್ರಯೋಗದ ದಿನ

ದೃಶ್ಯ ಬದಲಾವಣೆಗೆ ಹತ್ತು ಹನ್ನೆರಡು ಸೆಕೆಂಡಿಗಿಂತ ಹೆಚ್ಚು ಕತ್ತಲು ಬೇಡ; ಪ್ರೇಕ್ಷಕರು ಮೊಬೈಲು ತೆಗೆಯುತ್ತಾರೆ. ಒಬ್ಬೊಬ್ಬರಿಗೂ ಬರೆದ ಚೀಟಿ ಕೊಡಿ: ‘ಬಲದಿಂದ ಮಂಚ ಹಿಡಿದು ಒಳಗೆ, ವಾಪಸಾಗುವಾಗ ಎರಡು ಲೋಟ’. ಬರಿಗೈಯಲ್ಲಿ ಹಿಂದಿರುಗುವವರು ಇರಬಾರದು. ಮೊದಲು ದೀಪವಿಟ್ಟು ಅಭ್ಯಾಸ, ಆಮೇಲೆ ಕತ್ತಲಲ್ಲಿ. ಪೀಠೋಪಕರಣದ ಹಿಂದಿನ ಎರಡು ಕಾಲುಗಳ ಜಾಗಕ್ಕೆ ಮಾತ್ರ ರೇಡಿಯಂ ಟೇಪಿನ ಚೂರು ಅಂಟಿಸಿ; ನಾಲ್ಕಕ್ಕೂ ಅಂಟಿಸಿದರೆ ನೆಲ ಗೊಂದಲವಾಗುತ್ತದೆ, ಮುಂದಿನವು ಪ್ರೇಕ್ಷಕರಿಗೂ ಕಾಣುತ್ತವೆ. ಮಂಚದ ಕಾಲುಗಳಿಗೆ ಹಳೆ ಸೈಕಲ್ ಟ್ಯೂಬು ಸುತ್ತಿದರೆ ಕಿರುಗುಟ್ಟುವುದಿಲ್ಲ.

ಪ್ರಯೋಗದ ದಿನ ಮೂರು ತಪಾಸಣೆ: ಸಾಮಾನು ಇಳಿಸಿದಾಗ ಪೆಟ್ಟಿಗೆಯ ಪಟ್ಟಿಗೆ ಹೋಲಿಸಿ, ಬಾಗಿಲು ತೆರೆಯುವ ಅರ್ಧ ಗಂಟೆ ಮೊದಲು ಮೇಜು ಮತ್ತು ರಂಗ, ವಿರಾಮದಲ್ಲಿ ಎರಡನೇ ಭಾಗದ ಸಾಮಾನು. ಬಾಯಿಲೆಕ್ಕ ಬೇಡ, ಮುಟ್ಟಿ ಗೀಟು ಹಾಕಿ. ಡಬ್ಬಿ ಇದ್ದರೆ ಮುಚ್ಚಳ ತೆಗೆದು ಒಳಗಿನದ್ದನ್ನು ನೋಡಿ, ಬೀಗವಿದ್ದರೆ ಒಮ್ಮೆ ಹಾಕಿ ತೆಗೆಯಿರಿ, ಬ್ಯಾಟರಿ ದೀಪವಿದ್ದರೆ ಹೊತ್ತಿಸಿ. ಪರಿಕರವಾಗಿ ಬಳಸುವ ಮೊಬೈಲು ಫ್ಲೈಟ್ ಮೋಡ್‌ನಲ್ಲಿದೆಯೇ ಎಂದೂ ನೋಡಿಕೊಳ್ಳಿ.

ಆದರೂ ಒಂದು ವಸ್ತು ಕೈಗೆ ಸಿಗದೆ ಹೋದರೆ? ರಂಗದ ಮೇಲಿನವರು ಹೇಗೆ ನಿಭಾಯಿಸಬೇಕು ಎಂದು ತಾಲೀಮಿನಲ್ಲೇ ಒಮ್ಮೆ ಆಡಿಸಿ ನೋಡಿ: ಬೇಕೆಂತಲೇ ಪತ್ರವನ್ನು ಅಡಗಿಸಿಡಿ. ಯಾವ ವಸ್ತುವಿಲ್ಲದೆ ಕಥೆಯೇ ನಿಲ್ಲುತ್ತದೆಯೋ ಅದಕ್ಕೆ ಎರಡನೇ ಪ್ರತಿ ಮಾಡಿ ಇನ್ನೊಂದು ವಿಂಗ್ಸ್‌ನಲ್ಲಿಡಿ. ಅಂಥವು ಒಂದು ನಾಟಕದಲ್ಲಿ ಮೂರು ನಾಲ್ಕಕ್ಕಿಂತ ಹೆಚ್ಚಿರುವುದಿಲ್ಲ.

ಹಂತ 9: ಪೆಟ್ಟಿಗೆ ಕಟ್ಟುವುದು

ಹೆಗ್ಗೋಡಿನ ನೀನಾಸಂ ರಂಗಸಂಸ್ಥೆಯ ಸಂಚಾರಿ ತಂಡ ‘ತಿರುಗಾಟ’ದಂತೆ ಇವತ್ತು ಒಂದೂರು, ನಾಳೆ ಇನ್ನೊಂದೂರು ಎಂದು ಆಡುವ ನಾಟಕಕ್ಕೆ ವಿನ್ಯಾಸವನ್ನೇ ಪೆಟ್ಟಿಗೆಯಿಂದ ಶುರುಮಾಡಬೇಕು. ಒಂದರೊಳಗೊಂದು ಕೂರುವ ಪಾತ್ರೆ, ಮಡಿಚುವ ಮೇಜು, ಆಸನವೂ ಆಗುವ ಟ್ರಂಕು. ಪೆಟ್ಟಿಗೆಯನ್ನು ವಸ್ತುವಿನ ಬಗೆಯಂತೆ ತುಂಬದೆ ಎಡ ವಿಂಗ್ಸ್, ಬಲ ವಿಂಗ್ಸ್ ಎಂದು ತುಂಬಿ. ಇಳಿಸಿದ ಕಡೆಯೇ ತೆರೆದುಕೊಳ್ಳುತ್ತದೆ. ಮುಚ್ಚಳದ ಒಳಗೆ ಪಟ್ಟಿ, ಹೊರಗೆ ಸಂಖ್ಯೆ. ರಿಪೇರಿ ಡಬ್ಬಿ ಕೊನೆಗೆ ಹತ್ತಿ ಮೊದಲು ಇಳಿಯಬೇಕು: ಫೆವಿಕಾಲ್, ಫೆವಿಕ್ವಿಕ್, ಕಟ್ಟುತಂತಿ, ಇಕ್ಕಳ, ಅರ, ಕತ್ತರಿ, ಸೂಜಿ ದಾರ, ಪಿನ್ನು, ಬಟ್ಟೆಯ ಟೇಪು, ಬ್ಯಾಟರಿ, ಕಡ್ಡಿಪೆಟ್ಟಿಗೆ, ಸ್ವಲ್ಪ ಬಣ್ಣ.

ಮುರಿದದ್ದನ್ನು ಪೆಟ್ಟಿಗೆಗೆ ಹಾಕುವ ಮೊದಲೇ ಕೆಂಪು ದಾರ ಕಟ್ಟಿ ಗುರುತು ಮಾಡಿ. ಇಲ್ಲವಾದರೆ ಅದು ಮುರಿದಿದೆ ಎಂಬುದು ಮುಂದಿನ ಊರಿನಲ್ಲಿ, ದೃಶ್ಯದ ನಡುವೆಯೇ ಗೊತ್ತಾಗುತ್ತದೆ. ಕತ್ತಿ ಕೋವಿಗಳನ್ನು ಬೇರೆ ಪೆಟ್ಟಿಗೆಯಲ್ಲಿ ಕಟ್ಟಿ, ‘ನಾಟಕದ ಸಾಮಾನು’ ಎಂಬ ತಂಡದ ಪತ್ರವನ್ನು ಡ್ರೈವರ್ ಕೈಗೆ ಕೊಡಿ. ರಾತ್ರಿ ಚೆಕ್‌ಪೋಸ್ಟಿನಲ್ಲಿ ವಿವರಿಸುತ್ತಾ ನಿಲ್ಲುವುದು ತಪ್ಪುತ್ತದೆ. ಉಳಿದ ಅನ್ನ, ಹಣ್ಣು, ಮಜ್ಜಿಗೆಯನ್ನು ಅಲ್ಲೇ ವಿಲೇವಾರಿ ಮಾಡಿ, ಪಾತ್ರೆಗಳನ್ನು ತೊಳೆದು ಒರೆಸಿ ಒಳಗಿಡಿ. ಎರವಲು ತಂದದ್ದನ್ನು ಟೆಂಪೋ ಹತ್ತಿಸದೆ ಬದಿಗಿಟ್ಟು, ತಂದ ದಿನದ ಫೋಟೋಗೆ ಹೋಲಿಸಿ, ಎರಡು ದಿನದೊಳಗೆ ಮಾಲೀಕರ ಮನೆಗೆ ತಲುಪಿಸಿ.